ಗಲ್ಲದ ಮೇಲೆ ಹುಲ್ಲಿನ ಹಸಿರು: ಹೊರಾಂಗಣ ಭಾವಚಿತ್ರಗಳ ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ಮೊದಲ ವಾರ ನಮ್ಮ ಕಾಲೇಜಿನ ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳ ಭಾವಚಿತ್ರ ತೆಗೆಸುವ ಕಾರ್ಯಕ್ರಮವಿತ್ತು. ಬೆಳಗಿನ 11 ಗಂಟೆ. ಬಿಸಿಲು ಜೋರಾಗಿದ್ದುದರಿಂದ ಛಾಯಾಗ್ರಾಹಕರು ಎಲ್ಲರನ್ನೂ ಹೊಂಗೆ ಮರದ ಕೆಳಗೆ, ಹುಲ್ಲುಹಾಸಿನ ಅಂಚಿಗೆ ನಿಲ್ಲಿಸಿದರು. ಹೊಂಗೆ ಆಗತಾನೆ ಹೊಸ ಎಲೆ ಬಿಟ್ಟಿತ್ತು. ತಂಪಾದ ನೆರಳು, ಎದುರಿಗೆ ಬಿಸಿಲಲ್ಲಿ ಹೊಳೆಯುವ ಹುಲ್ಲು. ಇದಕ್ಕಿಂತ ಒಳ್ಳೆಯ ಜಾಗ ಉಂಟೇ ಎಂದು ನಮಗೆಲ್ಲ ಅನ್ನಿಸಿತು.

ಮಾದರಿ ಪ್ರತಿಗಳು ಬಂದಾಗ ಎಲ್ಲರ ಮುಖವೂ ಏನೋ ಕಾಯಿಲೆ ಬಿದ್ದು ಎದ್ದವರಂತೆ ಕಾಣುತ್ತಿತ್ತು. ಕತ್ತಿನ ಕೆಳಗೆ, ದವಡೆಯ ಅಂಚಿನಲ್ಲಿ ಹಸಿರು. ಕೂದಲ ಮೇಲೆ, ಹಣೆಯ ಹೊಳಪಿನಲ್ಲಿ ತುಸು ನೀಲಿ. ಸ್ಟುಡಿಯೋದವರಿಗೆ ತೋರಿಸಿದೆ. "ಚಿಂತೆ ಬೇಡಿ ಸಾರ್, ಕಂಪ್ಯೂಟರಿನಲ್ಲಿ ಸರಿ ಮಾಡಿಕೊಡ್ತೀವಿ" ಎಂದರು. ವಾರದ ನಂತರ ಬಂದ ಪ್ರತಿಗಳಲ್ಲಿ ಹಸಿರು ಇರಲಿಲ್ಲ, ನಿಜ. ಆದರೆ ಅದರ ಜತೆಗೆ ವಿದ್ಯಾರ್ಥಿಗಳ ಮೈಬಣ್ಣವೂ ಇರಲಿಲ್ಲ. ಕಪ್ಪಗಿನವರು, ಎಣ್ಣೆಗೆಂಪಿನವರು, ಬೆಳ್ಳಗಿನವರು ಎಲ್ಲರೂ ಒಂದೇ ತೆರನಾದ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರು. ಒಬ್ಬ ವಿದ್ಯಾರ್ಥಿನಿ ಬಂದು, "ಸರ್, ಮನೆಯಲ್ಲಿ ಫೋಟೋ ತೋರಿಸಿದೆ. ಇದರಲ್ಲಿ ನೀನು ಯಾರೇ ಅಂತ ನಮ್ಮ ಅಜ್ಜಿ ಕೇಳಿಬಿಟ್ಟರು" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಈ ಲೇಖನ ಆ ಸ್ಟುಡಿಯೋದ ಮೇಲಿನ ದೂರಲ್ಲ. ನಮ್ಮಲ್ಲಿ ಛಾಯಾಗ್ರಹಣದ ಕೈಪಿಡಿಗಳು, ತರಬೇತಿ ಶಿಬಿರಗಳು, ಅನುಭವಿಗಳು ಎಲ್ಲರೂ ಹೊಸಬರಿಗೆ ಹೇಳುವ ಎರಡು ಮಾತುಗಳಿವೆ. ಒಂದು: ಬಿಸಿಲು ಬೇಡ, ಮರದ ನೆರಳಿಗೆ ಹೋಗಿ. ಎರಡು: ಬಣ್ಣ ಕೆಟ್ಟರೆ ಆಮೇಲೆ ಸರಿಪಡಿಸಿಕೊಳ್ಳಬಹುದು. ಈ ಎರಡನ್ನೂ ಭೌತವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಇಲ್ಲಿನ ಉದ್ದೇಶ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಅಷ್ಟೂ ಅಲ್ಲ.

ಲಿಯೊನಾರ್ಡೊನ ಕಪ್ಪು ಅಂಗಳ

ಈ ಸಮಸ್ಯೆ ಕ್ಯಾಮೆರಾಕ್ಕಿಂತ ಹಳೆಯದು. ಲಿಯೊನಾರ್ಡೊ ಡ ವಿಂಚಿ ಚಿತ್ರಕಲೆಯ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನು ಅವನು 1519ರಲ್ಲಿ ತೀರಿಕೊಂಡ ಬಳಿಕ ಶಿಷ್ಯ ಮೆಲ್ಜಿ ಒಟ್ಟುಗೂಡಿಸಿದ. ಅವು 1651ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದವು. ಬಯಲಿನಲ್ಲಿ ಬಿಳಿ ಬಟ್ಟೆ ತೊಟ್ಟು ನಿಂತ ಹೆಂಗಸಿನ ಉದಾಹರಣೆಯೊಂದು ಅವುಗಳಲ್ಲಿ ಬರುತ್ತದೆ. ಬಟ್ಟೆಯಲ್ಲಿ ಬಿಸಿಲು ಬಿದ್ದ ಭಾಗ ಪ್ರಖರವಾಗಿ ಬೆಳಗುತ್ತದೆ, ಆಕಾಶಕ್ಕೆ ಮುಖ ಮಾಡಿದ ಭಾಗ ನೀಲಿ ಛಾಯೆ ತಾಳುತ್ತದೆ, ಬಿಸಿಲು ಬಿದ್ದ ಹುಲ್ಲುಗಾವಲು ಹತ್ತಿರವಿದ್ದರೆ ಅದರತ್ತ ತಿರುಗಿದ ಮಡಿಕೆಗಳು ಹಸಿರಾಗುತ್ತವೆ ಎಂಬುದು ಅವನ ವಿವರಣೆ. ಬಿಳಿಗೆ ತನ್ನದೇ ಬಣ್ಣವಿಲ್ಲ, ಸುತ್ತಲಿನದೇ ಅದರ ಬಣ್ಣ ಎಂಬುದನ್ನು ಅವನು ಬರಿಗಣ್ಣಿನಿಂದಲೇ ಕಂಡುಕೊಂಡಿದ್ದ.

ಭಾವಚಿತ್ರ ಬರೆಯುವವರಿಗೆ ಅವನು ಕೊಟ್ಟ ಸಲಹೆ ಇನ್ನೂ ಸ್ವಾರಸ್ಯಕರ. ಒಂದು ತೆರೆದ ಅಂಗಳ ಕಟ್ಟಿಸಿ, ಅದರ ಗೋಡೆಗಳಿಗೆ ಕಪ್ಪು ಬಳಿಯಿರಿ ಎನ್ನುತ್ತಾನೆ. ಅವನು ಹೇಳುವ ಅಳತೆ ನಮ್ಮ ಲೆಕ್ಕದಲ್ಲಿ ಸುಮಾರು 6 ಮೀಟರ್ ಅಗಲ, 12 ಮೀಟರ್ ಉದ್ದ, 6 ಮೀಟರ್ ಎತ್ತರ. ಬಿಸಿಲಿದ್ದರೆ ಮೇಲೆ ನಾರುಬಟ್ಟೆಯ ಚಪ್ಪರ ಕಟ್ಟಬೇಕು. ಇಲ್ಲವೇ ಮೋಡ ಅಥವಾ ಮಂಜು ಕವಿದ ಸಂಜೆಯಲ್ಲಿ ಚಿತ್ರ ಬರೆಯಬೇಕು.

ಇದನ್ನು ಇಂದಿನ ಕೈಪಿಡಿಯ ಸಲಹೆಯೊಡನೆ ಹೋಲಿಸಿ. ಲಿಯೊನಾರ್ಡೊ ನೆರಳು ಬೇಕು ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಆ ನೆರಳಿನ ಸುತ್ತ ಏನಿರಬೇಕು ಎಂಬುದನ್ನೂ ಹೇಳಿದ. ಕಪ್ಪು ಗೋಡೆ ಬಣ್ಣದ ಬೆಳಕನ್ನು ಹಿಂದಿರುಗಿಸುವುದಿಲ್ಲ. ಮೇಲಿನಿಂದ ಬರುವ ಬೆಳಕು ಬಟ್ಟೆಯಲ್ಲಿ ಸೋಸಿ, ಹರಡಿ ಬರುತ್ತದೆ. ಹೀಗೆ ಮುಖದ ಮೇಲೆ ಒಂದೇ ಬಗೆಯ ಬೆಳಕು ಮಾತ್ರ ಉಳಿಯುತ್ತದೆ. ಐದು ಶತಮಾನಗಳ ಹಿಂದಿನ ಸಲಹೆ ಇಂದಿನದಕ್ಕಿಂತ ಪೂರ್ಣವಾಗಿದೆ ಎನ್ನಲು ನನಗೆ ಸಂಕೋಚವಿಲ್ಲ. ಅದರಲ್ಲಿ ಕೊರತೆಯೂ ಒಂದಿದೆ. ಎಷ್ಟು ಬಣ್ಣ ಬೆರೆಯುತ್ತದೆ ಎಂಬ ಲೆಕ್ಕ ಅವನಲ್ಲಿಲ್ಲ. ಅದನ್ನು ನಾವು ಮಾಡೋಣ.

ನೆರಳಿನಲ್ಲೇ ಏಕೆ ಹೆಚ್ಚು?

ಎಲೆಯಲ್ಲಿರುವ ಕ್ಲೋರೊಫಿಲ್ ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರುತ್ತದೆ, ಹಸಿರನ್ನು ಕಡಿಮೆ ಹೀರುತ್ತದೆ. ಹುಲ್ಲಿನ ಮೇಲೆ 100 ಏಕಮಾನ ಬೆಳಕು ಬಿದ್ದರೆ ಹಸಿರಿನಲ್ಲಿ ಸುಮಾರು 10, ಕೆಂಪಿನಲ್ಲಿ 5, ನೀಲಿಯಲ್ಲಿ 4 ಏಕಮಾನ ಹಿಂದಿರುಗುತ್ತದೆ ಎಂದಿಟ್ಟುಕೊಳ್ಳಿ. ಹುಲ್ಲಿನ ಜಾತಿ, ತೇವಾಂಶಗಳಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಲೆಕ್ಕಕ್ಕೆ ಇಷ್ಟು ಸಾಕು. ಹಸಿರು ಹುಲ್ಲು ನಿಜಕ್ಕೂ ಸಾಕಷ್ಟು ಕಪ್ಪು ವಸ್ತು ಎಂಬುದನ್ನು ಗಮನಿಸಿ. ಹತ್ತರಲ್ಲಿ ಒಂದು ಪಾಲನ್ನೂ ಅದು ಪೂರ್ತಿ ಹಿಂದಿರುಗಿಸುವುದಿಲ್ಲ. ಹೀಗಿದ್ದೂ ಅದು ಮುಖಕ್ಕೆ ಹಸಿರು ಬಳಿಯುವುದು ಹೇಗೆ?

ಮೊದಲು ಬಿಸಿಲಿಗೆ ಮುಖ ಮಾಡಿ ಹುಲ್ಲಿನ ಮೇಲೆ ನಿಂತವರನ್ನು ತೆಗೆದುಕೊಳ್ಳೋಣ. ನೆಟ್ಟಗಿರುವ ಮುಖದ ಮೇಲೆ ನೇರ ಬಿಸಿಲು ಹಾಗೂ ಆಕಾಶದಿಂದ ಪ್ರತಿ ಬಣ್ಣದಲ್ಲೂ 70 ಏಕಮಾನ ಬೀಳುತ್ತದೆ ಎನ್ನೋಣ. ಮುಖದ ದೃಷ್ಟಿಯ ಕೆಳಗಿನ ಅರ್ಧದಲ್ಲಿ ಹುಲ್ಲಿದೆ. ಆದ್ದರಿಂದ ಹುಲ್ಲು ಹಿಂದಿರುಗಿಸಿದ್ದರ ಅರ್ಧ, ಅಂದರೆ ಹಸಿರು 5, ಕೆಂಪು 2.5, ನೀಲಿ 2 ಏಕಮಾನ ಮುಖಕ್ಕೆ ಸೇರುತ್ತದೆ. ಒಟ್ಟು ಹಸಿರು 75, ಕೆಂಪು 72.5, ನೀಲಿ 72. ಹಸಿರಿನ ಹೆಚ್ಚಳ ಶೇಕಡಾ 3ರಿಂದ 4. ಇದು ಯಾರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ.

ಈಗ ಅದೇ ವ್ಯಕ್ತಿಯನ್ನು ನೆರಳಿನ ಅಂಚಿಗೆ ತನ್ನಿ. ಎದುರಿನ ಹುಲ್ಲು ಇನ್ನೂ ಬಿಸಿಲಲ್ಲೇ ಇದೆ. ನೇರ ಬಿಸಿಲು ಮುಖಕ್ಕಿಲ್ಲ. ಆಕಾಶದ ಒಂದು ಭಾಗವನ್ನು ಮರ ಮುಚ್ಚಿದೆ. ಉಳಿದ ಆಕಾಶದಿಂದ 5 ಏಕಮಾನ ಬರುತ್ತದೆ ಎನ್ನಿ. ಹುಲ್ಲಿನಿಂದ ಬರುವುದು ಮಾತ್ರ ಬದಲಾಗಿಲ್ಲ. ಒಟ್ಟು ಹಸಿರು 10, ಕೆಂಪು 7.5, ನೀಲಿ 7. ಹಸಿರು ಕೆಂಪಿಗಿಂತ ಮೂರನೆಯ ಒಂದರಷ್ಟು ಹೆಚ್ಚು, ನೀಲಿಗಿಂತ ಶೇಕಡಾ 40ಕ್ಕೂ ಹೆಚ್ಚು. ಇದರ ಮೇಲೆ ಎಲೆಗಳ ಮೂಲಕ ಹಾದು ಬಂದ ಹಸಿರು ಬೇರೆ. ಎಳೆಯ ಎಲೆ ಬೆಳಕನ್ನು ಇನ್ನೂ ಹೆಚ್ಚಾಗಿ ಬಿಟ್ಟುಕೊಡುತ್ತದೆ. ಚೈತ್ರದ ಹೊಂಗೆ ನಮ್ಮ ವಿದ್ಯಾರ್ಥಿಗಳಿಗೆ ಮಾಡಿದ್ದು ಇದನ್ನೇ.

ಅಂದರೆ ಬಣ್ಣದ ಸೋಂಕು ಪರಿಮಾಣದ ಪ್ರಶ್ನೆಯಲ್ಲ, ಅನುಪಾತದ ಪ್ರಶ್ನೆ. ನೆರಳು ಬಿಳಿ ಬೆಳಕನ್ನು ಕಳೆಯುತ್ತದೆ, ಸುತ್ತಲಿನ ಬಣ್ಣದ ಬೆಳಕನ್ನು ಕಳೆಯುವುದಿಲ್ಲ. ಆದ್ದರಿಂದ ನೆರಳಿಗೆ ಹೋಗಿ ಎಂಬ ಮಾತಿಗೆ ಇನ್ನೊಂದು ಮಾತು ಸೇರಲೇಬೇಕು: ನೆರಳಿನಲ್ಲಿ ನಿಂತು ಎದುರಿಗೆ ಏನು ಬಿಸಿಲಲ್ಲಿದೆ ನೋಡಿ. ಕರಾವಳಿ, ಮಲೆನಾಡುಗಳ ಕೆಮ್ಮಣ್ಣಿನ ಅಂಗಳವಾದರೆ ಮುಖಕ್ಕೆ ಕಿತ್ತಳೆ, ಹಳೆಯ ಮನೆಗಳ ಕೆಂಪು ಗಾರೆ ಜಗಲಿಯಾದರೆ ಕೆಂಪು, ಹಳದಿ ಬಳಿದ ಕಾಂಪೌಂಡ್ ಗೋಡೆಯಾದರೆ ಹಳದಿ. ಮೊದಲ ಸಲಹೆಯ ಮೇಲೆ ನನ್ನ ಆಕ್ಷೇಪ ಇಷ್ಟೇ. ಅದು ಕಣ್ಣು ಕಿರಿದಾಗಿಸುವ ಬಿಸಿಲು, ಮೂಗಿನ ಕೆಳಗಿನ ಕಪ್ಪು ನೆರಳು ಇವೆರಡನ್ನು ತಪ್ಪಿಸುತ್ತದೆ. ಅದೇ ಹೆಜ್ಜೆಯಲ್ಲಿ ಮೂರನೆಯ ದೋಷವನ್ನು ಆಹ್ವಾನಿಸುತ್ತದೆ, ಆ ಕುರಿತು ಎಚ್ಚರಿಕೆ ಕೊಡುವುದಿಲ್ಲ.

ಒಂದು ಮುಖ, ಮೂರು ಬೆಳಕು

ಒಂದು ಬಿಳಿಯ ಟೇಬಲ್ ಟೆನ್ನಿಸ್ ಚೆಂಡು ತನ್ನಿ. ಅದಿಲ್ಲದಿದ್ದರೆ ಸುಲಿದ ಬೇಯಿಸಿದ ಮೊಟ್ಟೆಯೂ ಆಗುತ್ತದೆ. ಮರದ ನೆರಳಿನ ಅಂಚಿನಲ್ಲಿ, ಮುಖ ಇರುವ ಎತ್ತರಕ್ಕೆ ಅದನ್ನು ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಹಿಡಿದ ಬೆರಳು ಆದಷ್ಟು ಹಿಂದೆ ಇರಲಿ, ಏಕೆಂದರೆ ಬೆರಳೂ ಬಣ್ಣ ಚೆಲ್ಲುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮೇಲ್ಭಾಗ ನೀಲಿ, ಕೆಳಭಾಗ ಹಸಿರು, ಪಕ್ಕದಲ್ಲಿ ಗೋಡೆಯಿದ್ದರೆ ಆ ಬದಿಗೆ ಗೋಡೆಯ ಬಣ್ಣ. ಚೆಂಡಿನ ಪ್ರತಿ ಬಿಂದುವೂ ತನ್ನ ಎದುರಿನ ಅರ್ಧಗೋಳದಿಂದ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಯಾವ ವಸ್ತು ಆ ಅರ್ಧಗೋಳದಲ್ಲಿ ಎಷ್ಟು ಘನಕೋನವನ್ನು ಆಕ್ರಮಿಸಿದೆಯೋ ಅಷ್ಟು ಪಾಲು ಅದರದು.

ಮುಖವೂ ಹೀಗೆಯೇ. ಹಣೆ, ಮೂಗಿನ ಮೇಲ್ಭಾಗಗಳು ಆಕಾಶವನ್ನು ನೋಡುತ್ತವೆ. ಮಧ್ಯಾಹ್ನದ ನೇರ ಬಿಸಿಲಿನ ವರ್ಣತಾಪ ಸುಮಾರು 5500 ಕೆಲ್ವಿನ್. ನಿರ್ಮಲ ನೀಲಿ ಆಕಾಶವೊಂದೇ ಬೆಳಗುವ ನೆರಳಿನಲ್ಲಿ ಅದು 10,000 ಕೆಲ್ವಿನ್ನನ್ನೂ ಮೀರಬಲ್ಲದು. ಗದ್ದ, ಕತ್ತು, ಹುಬ್ಬಿನ ಕೆಳಭಾಗಗಳು ನೆಲವನ್ನು ನೋಡುತ್ತವೆ. ಗದ್ದದ ಕೆಳಗಿನ ಚರ್ಮಕ್ಕೆ ಆಕಾಶ ಕಾಣುವುದೇ ಇಲ್ಲ. ಅದರ ಅರ್ಧಗೋಳದಲ್ಲಿ ನೆಲ ಮತ್ತು ಉಟ್ಟ ಬಟ್ಟೆ, ಇವೆರಡೇ. ಹಸಿರು ಮೊದಲು ಕತ್ತಿನಲ್ಲಿ ಕಾಣುವುದು ಇದಕ್ಕಾಗಿ.

ಹಸಿರು ಉಳಿದ ಬಣ್ಣಗಳಿಗಿಂತ ಹೆಚ್ಚು ಕೆಡುಕಾಗಿ ಕಾಣುವುದಕ್ಕೂ ಕಾರಣವಿದೆ. ಚರ್ಮದ ಬಣ್ಣ ಮುಖ್ಯವಾಗಿ ಎರಡು ವಸ್ತುಗಳ ಕೆಲಸ: ಮೆಲನಿನ್ ಮತ್ತು ರಕ್ತದ ಹೀಮೊಗ್ಲೋಬಿನ್. ಆಮ್ಲಜನಕ ಹೊತ್ತ ಹೀಮೊಗ್ಲೋಬಿನ್ 542 ಹಾಗೂ 577 ನ್ಯಾನೊಮೀಟರ್ ತರಂಗದೂರಗಳ ಆಸುಪಾಸಿನಲ್ಲಿ, ಎಂದರೆ ಹಸಿರು ಮತ್ತು ಹಳದಿಯಲ್ಲಿ, ಬಲವಾಗಿ ಹೀರುತ್ತದೆ. ಆರೋಗ್ಯವಂತರ ಕೆನ್ನೆ ಕೆಂಪೇರಿ ಕಾಣುವುದು ರಕ್ತ ಹೀಗೆ ಹಸಿರನ್ನು ಕಳೆಯುವುದರಿಂದ. ಹುಲ್ಲು ಆ ಕಳೆದ ಹಸಿರನ್ನು ಹಿಂದಿರುಗಿಸುತ್ತದೆ. ಫಲವಾಗಿ ರಕ್ತ ಬತ್ತಿದಂತೆ ತೋರುತ್ತದೆ. ನಮ್ಮ ವಿದ್ಯಾರ್ಥಿಗಳು ಕಾಯಿಲೆಯವರಂತೆ ಕಂಡದ್ದು ಕಲ್ಪನೆಯಲ್ಲ.

ಕಂಪ್ಯೂಟರ್ ಮಾಡಬಲ್ಲುದು, ಮಾಡಲಾರದ್ದು

ಇನ್ನು ಎರಡನೆಯ ಮಾತು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಎಂಬ ಏರ್ಪಾಡು ಕೆಂಪು, ಹಸಿರು, ನೀಲಿ ಅಂಕಿಗಳನ್ನು ಒಂದೊಂದು ಗುಣಕದಿಂದ ಗುಣಿಸುತ್ತದೆ. ಈ ಗುಣಕಗಳು ಇಡೀ ಚಿತ್ರಕ್ಕೆ ಒಂದೇ. ಇಡೀ ದೃಶ್ಯಕ್ಕೆ ಒಂದೇ ಬೆಳಕಿದ್ದಾಗ ಈ ಉಪಾಯ ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಒಂದೇ ಮುಖದ ಮೇಲೆ ಮೂರು ಬೆಳಕುಗಳಿರುವಾಗ ಯಾವುದಕ್ಕೆ ಗುಣಕ ಹೊಂದಿಸುವುದು? ಕತ್ತಿನ ಹಸಿರು ತೆಗೆಯಲು ಹೊರಟರೆ ಹಣೆ ನೇರಳೆಗೆ ತಿರುಗುತ್ತದೆ. ಹಣೆಯ ನೀಲಿ ತೆಗೆದರೆ ಕತ್ತು ಹಳದಿಮಿಶ್ರಿತ ಹಸಿರಾಗುತ್ತದೆ.

ಸ್ವಯಂಚಾಲಿತ ಏರ್ಪಾಡು ಇನ್ನೊಂದು ತೊಡಕನ್ನು ತರುತ್ತದೆ. ಯಾವುದೇ ದೃಶ್ಯದ ಬಣ್ಣಗಳ ಸರಾಸರಿ ಬೂದು ಎಂಬ ಊಹೆ ಬಣ್ಣಮುದ್ರಣದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಗೆರ್ಷನ್ ಬುಕ್ಸ್‌ಬಾಮ್ 1980ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟ. ಮುಕ್ಕಾಲು ಪಾಲು ಹುಲ್ಲೇ ತುಂಬಿದ ಚಿತ್ರದ ಸರಾಸರಿ ಹಸಿರು. ಈ ಊಹೆಯನ್ನೇ ನಂಬಿದ ಯಂತ್ರ ಅದನ್ನು ಬೆಳಕಿನ ದೋಷವೆಂದು ತಿಳಿದು ಎಲ್ಲೆಡೆಯಿಂದ ಹಸಿರನ್ನು ಕಳೆಯುತ್ತದೆ. ಹುಲ್ಲು ಮಾಸುತ್ತದೆ, ಮುಖ ಗುಲಾಬಿಯಾಗುತ್ತದೆ. ಈಗಿನ ಮೊಬೈಲುಗಳು ಮುಖವನ್ನು ಗುರುತಿಸಿ ಹೆಚ್ಚು ಜಾಣತನದಿಂದ ತಿದ್ದುತ್ತವೆ. ಆದರೆ ತಿದ್ದುವಾಗ ಆ ವ್ಯಕ್ತಿಯ ನಿಜ ಮೈಬಣ್ಣ ಯಾವುದೆಂಬ ಮಾಹಿತಿ ಅವುಗಳಲ್ಲಿಲ್ಲ. ಚಿತ್ರದಲ್ಲಿ ದಾಖಲಾಗಿರುವುದು ಬೆಳಕು ಮತ್ತು ಚರ್ಮದ ಗುಣಲಬ್ಧ ಮಾತ್ರ. 24 ಎಂಬ ಗುಣಲಬ್ಧವನ್ನು ಕೊಟ್ಟು, ಅದು 4 ಮತ್ತು 6ರದೋ 3 ಮತ್ತು 8ರದೋ ಹೇಳಿ ಎಂದರೆ ಯಾರು ಹೇಳಬಲ್ಲರು? ಬೇರೆ ಮಾಹಿತಿ ಇಲ್ಲದೆ ತಿದ್ದುವವರು ಊಹಿಸುತ್ತಾರೆ. ಊಹೆ ತಮಗೆ ಇಷ್ಟವಾದ ಬಣ್ಣದತ್ತ ವಾಲುತ್ತದೆ.

ಕಣ್ಣು ಕಳೆಯುತ್ತದೆ, ಚಿತ್ರ ಉಳಿಸಿಕೊಳ್ಳುತ್ತದೆ

ಆ ದಿನ ಮರದ ಕೆಳಗೆ ನಿಂತಿದ್ದ ನಮಗಾರಿಗೂ ಹಸಿರು ಕಾಣಲಿಲ್ಲವಲ್ಲ, ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬ್ಲೋಜ್, ಕರ್ಸ್ಟನ್ ಮತ್ತು ಹರ್ಲ್‌ಬರ್ಟ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಮಧ್ಯಕ್ಕೆ ಮಡಿಸಿದ ಒಂದು ಕಾರ್ಡು. ಒಂದು ಬದಿ ಕಡುಗುಲಾಬಿ, ಇನ್ನೊಂದು ಬದಿ ಬಿಳಿ. ತೆರೆದ ಪುಸ್ತಕದಂತೆ ಒಳಮುಖವಾಗಿ ನಿಂತಾಗ ಗುಲಾಬಿ ಬದಿಯ ಬೆಳಕು ಬಿಳಿಯ ಬದಿಗೆ ಬೀಳುತ್ತದೆ. ನೋಡುಗರು ಆ ಬದಿ ಬಹುಮಟ್ಟಿಗೆ ಬಿಳಿಯೇ ಎನ್ನುತ್ತಾರೆ. ಬಳಿಕ ಒಂದು ದೃಕ್ ಉಪಕರಣದ ಮೂಲಕ ಅದೇ ಕಾರ್ಡನ್ನು ಹೊರಮುಖವಾಗಿ, ಮನೆಯ ಮಾಡಿನಂತೆ, ಮಡಿಸಿದ ಹಾಗೆ ತೋರಿಸಿದರು. ಕಣ್ಣಿಗೆ ಬರುವ ಬೆಳಕು ಬದಲಾಗಲಿಲ್ಲ. ಆದರೂ ಬಿಳಿಯ ಬದಿ ಈಗ ಹೆಚ್ಚು ಗುಲಾಬಿಯಾಗಿ ಕಂಡಿತು. ಮಾಡಿನ ಎರಡು ಬದಿಗಳು ಒಂದರ ಮೇಲೊಂದು ಬೆಳಕು ಚೆಲ್ಲಲಾರವು, ಹಾಗಾಗಿ ಆ ಬಣ್ಣ ಕಾರ್ಡಿನದೇ ಇರಬೇಕು ಎಂದು ಮಿದುಳು ತೀರ್ಮಾನಿಸಿತು.

ಇದರ ಅರ್ಥ ಸ್ಪಷ್ಟ. ವಸ್ತುಗಳು ಎಲ್ಲಿವೆ, ಯಾವುದು ಯಾವುದಕ್ಕೆ ಎದುರಾಗಿದೆ ಎಂದು ತಿಳಿದಾಗ ಮಿದುಳು ಪ್ರತಿಫಲಿತ ಬಣ್ಣವನ್ನು ಸಾಕಷ್ಟು ಕಳೆದು ನೋಡುತ್ತದೆ. ಭಾವಚಿತ್ರದ ಚೌಕಟ್ಟು ಈ ತಿಳಿವನ್ನೇ ಕತ್ತರಿಸಿಹಾಕುತ್ತದೆ. ಆಳ ಇಲ್ಲ, ಎದುರಿನ ಹುಲ್ಲು ಇಲ್ಲ. ಮುಖ ಮಾತ್ರ ಇದೆ. ಆದ್ದರಿಂದ ಹಸಿರನ್ನು ಮುಖದ್ದೇ ಎಂದು ಮಿದುಳು ಬಗೆಯುತ್ತದೆ.

ಮೈಬಣ್ಣದ ಪ್ರಶ್ನೆ

ಬಣ್ಣದ ಸೋಂಕು ಎಲ್ಲರ ಚರ್ಮಕ್ಕೂ ಒಂದೇ ರೀತಿ ತಗಲುವುದಿಲ್ಲ. ಚರ್ಮದಿಂದ ಬೆಳಕು ಎರಡು ರೀತಿ ಮರಳುತ್ತದೆ. ಒಳಹೊಕ್ಕು, ಚೆದರಿ, ಚರ್ಮದ ಬಣ್ಣ ಹೊತ್ತು ಬರುವುದು ಒಂದು. ಮೇಲ್ಪದರದಿಂದಲೇ ಕನ್ನಡಿಯಂತೆ ಮರಳುವುದು ಇನ್ನೊಂದು. ಎರಡನೆಯದು ನೇರ ಪತನದಲ್ಲಿ ಸುಮಾರು ಶೇಕಡಾ 3. ಚರ್ಮ ಕಪ್ಪಾಗಿರಲಿ ಬೆಳ್ಳಗಿರಲಿ ಈ ಪಾಲು ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಅದು ವಕ್ರೀಭವನಾಂಕವನ್ನು ಅವಲಂಬಿಸಿದೆ, ಮೆಲನಿನ್ನನ್ನಲ್ಲ. ಒಳಗಿನಿಂದ ಶೇಕಡಾ 50 ಹಿಂದಿರುಗಿಸುವ ಬೆಳ್ಳಗಿನ ಚರ್ಮದಲ್ಲಿ ಈ 3 ಲೆಕ್ಕಕ್ಕೆ ಸಿಗದು. ಶೇಕಡಾ 10 ಹಿಂದಿರುಗಿಸುವ ಕಪ್ಪು ಚರ್ಮದಲ್ಲಿ ಅದು ಮೂರನೆಯ ಒಂದರ ಸಮೀಪ. ಹಾಗಾಗಿ ಕಪ್ಪು ಮುಖದ ಹೊಳಪಿನಲ್ಲಿ ಸುತ್ತಲಿನ ಆಕಾಶ, ಎಲೆ, ಗೋಡೆಗಳ ಬಣ್ಣ ಎದ್ದು ಕಾಣುತ್ತದೆ. ಬೆವರು, ಎಣ್ಣೆ ಇದ್ದರೆ ಇನ್ನಷ್ಟು. ಕಪ್ಪು ಮೈಬಣ್ಣದವರ ಚಿತ್ರ ತೆಗೆಯುವಾಗ ಸುತ್ತಲಿನ ಬಣ್ಣದ ಬಗ್ಗೆ ಹೆಚ್ಚು ಎಚ್ಚರ ಬೇಕು. ಬೇಕಾದ್ದು ಎಚ್ಚರ, ಬೆಳ್ಳಗಾಗಿಸುವ ಸಾಧನವಲ್ಲ.

ಆದರೆ ಬಣ್ಣದ ಛಾಯಾಗ್ರಹಣದ ಇತಿಹಾಸ ಬೇರೆ ದಾರಿ ಹಿಡಿಯಿತು. ಕಳೆದ ಶತಮಾನದ ಮಧ್ಯಭಾಗದಿಂದ ಕೊಡಾಕ್ ಕಂಪನಿ ಮುದ್ರಣಾಲಯಗಳಿಗೆ ಬಣ್ಣ ಹೊಂದಿಸಿಕೊಳ್ಳಲೆಂದು ಒಂದು ಮಾದರಿ ಚಿತ್ರ ಕೊಡುತ್ತಿತ್ತು. 'ಷರ್ಲಿ ಕಾರ್ಡ್' ಎಂದು ಅದರ ಹೆಸರು. ಅದರಲ್ಲಿದ್ದುದು ಬಿಳಿಯ ಮಹಿಳೆಯ ಮುಖ. ಆ ಮುಖ ಸರಿಯಾಗಿ ಬಂದರೆ ಎಲ್ಲರದೂ ಸರಿ ಎಂಬುದು ಒಪ್ಪಿತ ನಿಯಮವಾಗಿತ್ತು. ಬೇರೆ ಬೇರೆ ಮೈಬಣ್ಣದ ಮಹಿಳೆಯರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಗೂಗಲ್ ಕಂಪನಿ ಸಮಾಜವಿಜ್ಞಾನಿ ಎಲ್ಲಿಸ್ ಮಂಕ್ ಅವರ 10 ಮೈಬಣ್ಣಗಳ ಮಾಪಕವನ್ನು ಸ್ವೀಕರಿಸಿದ್ದು 2022ರಲ್ಲಿ. ನಮ್ಮ ಊರಿನ ಸ್ಟುಡಿಯೋದಲ್ಲಿ ಷರ್ಲಿ ಕಾರ್ಡ್ ಇರಲಿಲ್ಲ. ಆದರೆ ಮನಸ್ಸಿನಲ್ಲಿ ಅಂಥದೇ ಒಂದು ಕಾರ್ಡು ಇತ್ತು. ಹಸಿರು ತೆಗೆಯುವ ನೆಪದಲ್ಲಿ ಅದು ಹೊರಗೆ ಬಂತು.

ಇದು ಅಂದಚಂದದ ಮಾತಷ್ಟೇ ಅಲ್ಲ. ಇಂದು ಫೋನಿನಲ್ಲಿ ಚಿತ್ರ ಕಳಿಸಿ ವೈದ್ಯರ ಸಲಹೆ ಕೇಳುವವರಿದ್ದಾರೆ. ಹಳದಿ ಗೋಡೆಯ ಪಕ್ಕ ತೆಗೆದ ಕೂಸಿನ ಚಿತ್ರದಲ್ಲಿ ಕಾಮಾಲೆ ಇದೆಯೋ ಇಲ್ಲವೋ ಹೇಳುವುದು ಹೇಗೆ? ರಕ್ತಹೀನತೆಯವರ ಬಿಳಿಚಿದ ಮುಖವನ್ನು ಕಂಪ್ಯೂಟರ್ ಗುಲಾಬಿಯಾಗಿಸಿ ಕಳಿಸಿದರೆ?

ಎಲ್ಲ ಬಣ್ಣವೂ ಬೇಡವೇ?

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು. 1876ರಲ್ಲಿ ಪ್ಯಾರಿಸ್ಸಿನ ಎರಡನೆಯ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ರೆನ್ವಾರ್ ಒಂದು ಚಿತ್ರ ಇಟ್ಟಿದ್ದ. ಗಿಡಗಳ ನಡುವೆ, ಎಲೆಗಳಿಂದ ಸೋಸಿ ಬಂದ ಬೆಳಕಿನಲ್ಲಿರುವ ಮಹಿಳೆ. ಮೈಮೇಲೆ ಹಸಿರು, ನೇರಳೆ ಛಾಯೆಗಳು. 'ಫಿಗಾರೊ' ಪತ್ರಿಕೆಯ ವಿಮರ್ಶಕ ಆಲ್ಬರ್ಟ್ ವೂಲ್ಫ್ ಅದನ್ನು ಕೊಳೆಯುತ್ತಿರುವ ಮಾಂಸಕ್ಕೆ ಹೋಲಿಸಿ ಹಳಿದ. ಆ ಚಿತ್ರ ಇಂದು ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಹಾಗಾದರೆ ನಮ್ಮ ಹೊಂಗೆ ಮರದ ಚಿತ್ರ ತಪ್ಪು, ರೆನ್ವಾರ್ ಸರಿ ಎನ್ನುವುದು ಯಾವ ನ್ಯಾಯ?

ನನ್ನ ಉತ್ತರ ಹೀಗಿದೆ. ರೆನ್ವಾರ್‌ನ ಚಿತ್ರದಲ್ಲಿ ಎಲೆಗಳೂ ಇವೆ. ಬಣ್ಣದ ಮೂಲ ಚೌಕಟ್ಟಿನೊಳಗೇ ಇರುವುದರಿಂದ ನೋಡುವವರ ಮಿದುಳಿಗೆ ಲೆಕ್ಕ ಹೊಂದುತ್ತದೆ. ಅಲ್ಲಿನ ವಸ್ತುವೇ ಬೆಳಕು. ಹೊಸ ಎಲೆಗಳ ಕೆಳಗೆ ಆಡುವ ಮಗುವಿನ ಚಿತ್ರದಲ್ಲಿ ಎಲೆಯೂ ಮಗುವೂ ಕಾಣುತ್ತಿದ್ದರೆ ಗಲ್ಲದ ಹಸಿರು ಆ ಜಾಗದ ಸಾಕ್ಷಿ. ಅದನ್ನು ಅಳಿಸಬಾರದು. ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿದ ಕೂಸಿನ ಮುಖ ಹೆಚ್ಚು ಕೆಂಪಾಗಿ ಕಾಣುವುದೂ ಪ್ರತಿಫಲನವೇ. ಚರ್ಮದಿಂದ ಚರ್ಮಕ್ಕೆ ಬರುವ ಬೆಳಕಿನ ಕೆಂಪನ್ನು ಲಿಯೊನಾರ್ಡೊ ಮೆಚ್ಚಿದ್ದಾನೆ. ಆದರೆ ಇಂಥವರು ಇವರು ಎಂದು ತೋರಿಸುವುದಕ್ಕಾಗಿಯೇ ತೆಗೆದ ಚಿತ್ರದಲ್ಲಿ, ಮೂಲ ಕಾಣದೆ ಬಣ್ಣ ಮಾತ್ರ ಬಂದರೆ ಅದು ದೋಷ. ಕಾಲೇಜಿನ ಭಾವಚಿತ್ರ ಎರಡನೆಯ ಗುಂಪಿಗೆ ಸೇರುತ್ತದೆ.

ಮಾಡಬಹುದಾದುದು

ಇದಕ್ಕೆ ದುಬಾರಿ ಉಪಕರಣ ಬೇಡ.

1. ಕ್ಯಾಮೆರಾ ತೆಗೆಯುವ ಮೊದಲು ಬಿಳಿ ಚೆಂಡು ಹಿಡಿದು ನೋಡಿ. ಯಾವ ಬದಿಗೆ ಯಾವ ಬಣ್ಣ ಬರುತ್ತಿದೆ ಎಂದು ಅದು ಹೇಳುತ್ತದೆ.

2. ಬಣ್ಣದ ಗೋಡೆಯಿಂದ ದೂರ ಸರಿಯಿರಿ, ಆದರೆ ಒಂದೆರಡು ಹೆಜ್ಜೆ ಸಾಲದು. ದೊಡ್ಡ ಗೋಡೆ ಬಿಂದು ಆಕರವಲ್ಲ, ವಿಲೋಮ ವರ್ಗ ನಿಯಮ ಹತ್ತಿರದಲ್ಲಿ ಅನ್ವಯಿಸುವುದಿಲ್ಲ. 1.5 ಮೀಟರ್ ತ್ರಿಜ್ಯದ ವೃತ್ತಾಕಾರದ ಬಣ್ಣದ ಗೋಡೆಗೆ ಎದುರಾಗಿ 1.5 ಮೀಟರ್ ದೂರದಲ್ಲಿ ನಿಂತರೆ ಅದರ ಪ್ರಭಾವ ಅರ್ಧಕ್ಕೆ ಇಳಿಯುತ್ತದೆ, 3 ಮೀಟರಿನಲ್ಲಿ ಐದನೆಯ ಒಂದಕ್ಕೆ, 4.5 ಮೀಟರಿನಲ್ಲಿ ಹತ್ತನೆಯ ಒಂದಕ್ಕೆ.

3. ಹುಲ್ಲನ್ನು ಬಿಡಲಾಗದಿದ್ದರೆ ಕುಳಿತವರ ಮುಂದೆ, ಬಿಸಿಲು ಬೀಳುವ ಕಡೆ, ಒಂದು ಬಿಳಿ ಪಂಚೆ ಹಾಸಿ. ಮುಖಕ್ಕೆ ಕಾಣುವ ಹುಲ್ಲಿನ ಕಾಲು ಭಾಗವನ್ನು ಅದು ಮುಚ್ಚಿದರೂ, ಶೇಕಡಾ 80 ಪ್ರತಿಫಲಿಸುವ ಬಟ್ಟೆಯಾದರೆ ಮುಖಕ್ಕೆ ಪ್ರತಿ ಬಣ್ಣದಲ್ಲೂ 10 ಏಕಮಾನ ಬಿಳಿ ಬೆಳಕು ಸೇರುತ್ತದೆ. ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ ಕೆಂಪಿಗಿಂತ ಹಸಿರಿನ ಹೆಚ್ಚಳ ಶೇಕಡಾ 33ರಿಂದ 11ಕ್ಕೆ ಇಳಿಯುತ್ತದೆ. ಅಲ್ಲಿಯೇ ಕಪ್ಪು ಬಟ್ಟೆ ಹಾಸಿದರೆ ಶೇಕಡಾ 27ಕ್ಕೆ ಮಾತ್ರ. ಎಲ್ಲ ಕಡೆ ಕಪ್ಪು ಮಾಡಲಾಗದಿದ್ದರೆ ಬಿಳಿಯೇ ಲೇಸು. ಈ ಎರಡು ಅಂಕಿಗಳನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ತಾಳೆ ನೋಡಬಹುದು.

4. ಉಟ್ಟ ಬಟ್ಟೆಯನ್ನು ದೂರ ಸರಿಸಲಾಗದು. ಮುಖ ನೆರಳಿನಲ್ಲಿದ್ದು, ಅರಿಸಿನ ಬಣ್ಣದ ರೇಷ್ಮೆ ಸೀರೆಯ ಮೇಲೆ ಬಿಸಿಲು ಬೀಳುವಂತೆ ನಿಲ್ಲಿಸಬೇಡಿ. ಎರಡೂ ನೆರಳಿನಲ್ಲಿರಲಿ.

5. ಧ್ರುವೀಕರಣ ಶೋಧಕವನ್ನು ಹಾಕಿದರೆ ಸರಿಹೋಗುತ್ತದೆ ಎಂದು ನಂಬಬೇಡಿ. ಅದು ಹೊಳಪನ್ನು ತಗ್ಗಿಸಬಲ್ಲದು. ಚರ್ಮದೊಳಗೆ ಚೆದರಿ ಬಂದ ಹಸಿರು ಧ್ರುವೀಕೃತವಲ್ಲದ ಕಾರಣ ಅದನ್ನು ಬೇರ್ಪಡಿಸಲಾರದು.

6. ಮೊದಲ ಚಿತ್ರದಲ್ಲಿ ಮುಖದ ಪಕ್ಕ ಒಂದು ಬೂದು ಅಥವಾ ಬಿಳಿ ಕಾರ್ಡು ಹಿಡಿಸಿ. ತಿದ್ದುವವರಿಗೆ ಊಹೆಯ ಬದಲು ಆಧಾರ ಸಿಗುತ್ತದೆ.

7. ಎಲ್ಲಕ್ಕಿಂತ ಸುಲಭವಾದುದು ಮೋಡ ಕವಿದ ದಿನಕ್ಕಾಗಿ ಕಾಯುವುದು. ನೆಲದ ಮೇಲೆ ನೇರ ಬಿಸಿಲಿಲ್ಲದಾಗ ಹುಲ್ಲಿಗೂ ಮುಖಕ್ಕೂ ಬೆಳಕು ಒಂದೇ ಮೂಲದಿಂದ ಬರುತ್ತದೆ, ಅನುಪಾತ ಕೆಡುವುದಿಲ್ಲ.

ನಾವು ಕೊನೆಗೆ ಮಾಡಿದ್ದು ಇದನ್ನೇ. ಪರೀಕ್ಷೆ ಮುಗಿದ ಮೇಲೆ, ಮುಂಗಾರಿನ ಮೋಡ ಕಟ್ಟಿದ ಒಂದು ಸಂಜೆ, ಸೈಕಲ್ ಸ್ಟ್ಯಾಂಡಿನ ಮುಂದಿನ ಸಿಮೆಂಟು ಅಂಗಳದಲ್ಲಿ ಎಲ್ಲರನ್ನೂ ಮತ್ತೆ ನಿಲ್ಲಿಸಿದೆವು. ಹಿನ್ನೆಲೆ ಸುಂದರವಾಗಿರಲಿಲ್ಲ. ತಿದ್ದುವುದು ಬೇಡ, ಹಾಗೆಯೇ ಮುದ್ರಿಸಿ ಎಂದು ಬರೆದುಕೊಟ್ಟೆವು. ಆ ವಿದ್ಯಾರ್ಥಿನಿಯ ಮುಖ ಅವಳದೇ ಬಣ್ಣದಲ್ಲಿ ಬಂತು. ಅಜ್ಜಿ ಈ ಸಲ ಕೇಳಲಿಲ್ಲವಂತೆ.

ಮುಂದಿನ ಬಾರಿ ನಿಮ್ಮ ಶಾಲೆಯಲ್ಲಿ ಮಕ್ಕಳ ಚಿತ್ರ ತೆಗೆಸುವಾಗ ಛಾಯಾಗ್ರಾಹಕರಿಗಿಂತ ಹತ್ತು ನಿಮಿಷ ಮೊದಲೇ ಜಾಗಕ್ಕೆ ಹೋಗಿ. ಜತೆಗೆ ನಾಲ್ಕು ಮಕ್ಕಳೂ ಒಂದು ಬಿಳಿ ಚೆಂಡೂ ಇರಲಿ. ಪ್ರತಿಫಲನದ ಪಾಠಕ್ಕೆ ಅಷ್ಟು ಸಾಕು.